ಉದ್ಘಾಟನೆ ಮುಗಿದ ಮೇಲೆ ಉಳಿಯುವವರು

ಎಲ್ಲರಿಗೂ ನಮಸ್ಕಾರ.

ಹಳ್ಳಿಯ ನೀರು, ಆರೋಗ್ಯದ ಕೆಲಸ ಮಾಡುವ ಸಂಸ್ಥೆ ಎಂದರೆ ಅಧ್ಯಕ್ಷರು, ದಾನಿಗಳು ಕಣ್ಣಿಗೆ ಬರುತ್ತಾರೆ. ನಾನು ಹೇಳಹೊರಟಿರುವುದು ಕೈಗೆ ಗ್ರೀಸು ಮೆತ್ತಿಕೊಳ್ಳುವವರ, ರಿಜಿಸ್ಟರು ಬರೆಯುವವರ ವಿಷಯ.

ಮೊದಲು ಪಂಪಿನ ಮೆಕ್ಯಾನಿಕ್. 1970ರ ದಶಕದಲ್ಲಿ ಭಾರತದಲ್ಲಿ ರೂಪುಗೊಂಡು ಆಫ್ರಿಕಾದ ಹಳ್ಳಿಗಳವರೆಗೂ ಹೋದ ಇಂಡಿಯಾ ಮಾರ್ಕ್ 2 ಕೈಪಂಪನ್ನೇ ತೆಗೆದುಕೊಳ್ಳಿ. ಚೈನಿಗೆ ಗ್ರೀಸು ಹಾಕುವುದು, ಬೋಲ್ಟು ಬಿಗಿ ಮಾಡುವುದು ಯಾರಿಗಾದರೂ ಬರುತ್ತದೆ. ತೊಡಕಿರುವುದು ನೆಲದ ಕೆಳಗೆ. ನೀರಿನಲ್ಲಿ ಮುಳುಗಿರುವ ಸಿಲಿಂಡರಿನೊಳಗೆ ನೀರೆತ್ತುವ ಪಿಸ್ಟನ್ನಿನ ವಾಷರು ಸವೆದರೆ ಪೈಪುಗಳನ್ನೆಲ್ಲ ಮೇಲೆತ್ತಬೇಕು. 30 ಮೀಟರ್ ಆಳವಿದ್ದರೆ 3 ಮೀಟರಿನ ಹತ್ತು ಪೈಪು. ಅದರ ಮುಂದಿನ ಮಾದರಿ ಮಾರ್ಕ್ 3ರಲ್ಲಿ ಪೈಪನ್ನೇ ಅಗಲ ಮಾಡಿ, ಪಿಸ್ಟನ್ ಅದರೊಳಗಿಂದ ಮೇಲೆ ಬರುವಂತೆ ಮಾಡಿದ್ದು ಈ ತಾಪತ್ರಯ ತಪ್ಪಿಸಲಿಕ್ಕೇ.

ಒಳ್ಳೆಯ ಮೆಕ್ಯಾನಿಕ್ ಬಂದ ಕೂಡಲೇ ಸ್ಪ್ಯಾನರ್ ಹಿಡಿಯುವುದಿಲ್ಲ. ಅರ್ಧ ಗಂಟೆ ಯಾರೂ ಪಂಪು ಹೊಡೆಯದಂತೆ ಬಿಟ್ಟು, ನೀರು ಬರಲು ಎಷ್ಟು ಸಲ ಹೊಡೆಯಬೇಕಾಯಿತು ಎಂದು ಎಣಿಸುತ್ತಾರೆ. ಐದಕ್ಕಿಂತ ಹೆಚ್ಚಾದರೆ ನೀರು ಕೆಳಗೆ ಇಳಿಯದಂತೆ ತಡೆಯುವ ಫುಟ್ ವಾಲ್ವ್ ಅಥವಾ ಪೈಪಿನ ಜೋಡಣೆ ಸೋರುತ್ತಿದೆ. ಬೇಗ ಬಂದರೂ ಒಂದು ನಿಮಿಷದಲ್ಲಿ 40 ಸಲ ಹೊಡೆದಾಗ ಸುಮಾರು 15 ಲೀಟರು ತುಂಬದಿದ್ದರೆ ಪಿಸ್ಟನ್ನಿನ ವಾಷರಿನ ಮೇಲೆ ಅನುಮಾನ. ಚೆನ್ನಾಗಿ ಬಂದು, ನಿಂತು, ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಬಂದರೆ? ಅಂತರ್ಜಲ ಇಳಿದಿರಬಹುದು, ಅದಕ್ಕೆ ಹೊಸ ವಾಷರು ಹಾಕಿ ಪ್ರಯೋಜನವಿಲ್ಲ.

ಇನ್ನು ಬಾವಿಗೆ ಬ್ಲೀಚಿಂಗ್ ಪುಡಿ ಹಾಕುವವರು. 3 ಮೀಟರ್ ಅಗಲದ ದುಂಡು ಬಾವಿಯಲ್ಲಿ 2 ಮೀಟರ್ ನೀರಿದ್ದರೆ ಅದು ಸುಮಾರು 14,000 ಲೀಟರು. ಸಾವಿರ ಲೀಟರಿಗೆ 2.5 ಗ್ರಾಂ ಲೆಕ್ಕದಲ್ಲಿ 35 ಗ್ರಾಂ ಪುಡಿಯಿಂದ ಶುರು. ಬಕೆಟ್ಟಿನಲ್ಲಿ ಕಲಸಿ, ಸುಣ್ಣ ತಳಕ್ಕೆ ಕೂರುವವರೆಗೆ ಹತ್ತು ನಿಮಿಷ ಬಿಟ್ಟು, ಮೇಲಿನ ತಿಳಿಯನ್ನಷ್ಟೇ ಬಾವಿಗೆ ಬಿಡಬೇಕು. ಗಸಿ ಹೋದರೆ ನೀರು ಗಡಸಾಗುತ್ತದೆ. ಒಂದು ಗಂಟೆಯಾದ ಮೇಲೆ ಪರೀಕ್ಷೆ: ಪುಡಿಯಲ್ಲಿರುವ, ಕ್ರಿಮಿ ಕೊಲ್ಲುವ ಕ್ಲೋರಿನ್ ಲೀಟರಿಗೆ 0.5 ಮಿಲಿಗ್ರಾಂ ಉಳಿದಿರಬೇಕು. ಉಳಿದಿಲ್ಲವಾದರೆ ನೀರಿನ ಕೊಳೆಯೇ ಅದನ್ನು ತಿಂದುಹಾಕಿದೆ, ಇಲ್ಲವೇ ಪುಡಿ ಸತ್ತಿದೆ. ಬಾಯಿ ಬಿಚ್ಚಿಟ್ಟ ಚೀಲದ ಪುಡಿ ತೂಕದಲ್ಲಿ ಸರಿಯಿರುತ್ತದೆ, ಕಸುವಿನಲ್ಲಿ ಅಲ್ಲ. ಹಾಗೆಂದು ಕಣ್ಣಳತೆಯಲ್ಲಿ ಹೆಚ್ಚು ಸುರಿದರೆ, ವಾಸನೆ ತಾಳದೆ ಜನ ಕೆರೆ ನೀರಿಗೇ ಹಿಂದಿರುಗುತ್ತಾರೆ.

ಇಲ್ಲೊಂದು ಮಾತು. ತಿಂಗಳಿಡೀ ದಿನವೂ 0.5 ಎಂದೇ ಬರೆದ ರಿಜಿಸ್ಟರನ್ನು ನಾನು ನಂಬುವುದಿಲ್ಲ. ಸೊನ್ನೆ ಬಂದ ದಿನ ಸೊನ್ನೆ ಎಂದೇ ಬರೆಯುವವರು ಸಂಸ್ಥೆಗೆ ಬೇಕು. ಅವರನ್ನು ಬೈಯದ ಮೇಲ್ವಿಚಾರಕರೂ ಬೇಕು.

ಆರೋಗ್ಯ ಕಾರ್ಯಕರ್ತೆಯ ರಿಜಿಸ್ಟರು ಇದರ ಪಕ್ಕದಲ್ಲೇ ಇರಬೇಕು. ಒಂದೇ ಬಾವಿಯ ನೀರು ಕುಡಿಯುವ ಮೂರು ಮನೆಗಳಲ್ಲಿ ಎರಡು ದಿನದೊಳಗೆ ಭೇದಿ ಎಂದು ಆಕೆ ಬರೆದರೆ, ಕ್ಲೋರಿನ್ ನೋಡುವವರು ಅಂದೇ ಬಾವಿಗೆ ಹೋಗಬೇಕು. ಮನೆಗಳಲ್ಲಿ ಆಕೆ ತಿದ್ದುವ ತಪ್ಪುಗಳು ಮುಖ್ಯವಾಗಿ ಎರಡು. ಮೊದಲನೆಯದು, ಒಂದು ಲೀಟರು ನೀರಿಗೆಂದಿರುವ, ಉಪ್ಪು-ಸಕ್ಕರೆಯ ಓಆರ್‌ಎಸ್ ಪೊಟ್ಟಣವನ್ನು ಒಂದು ಲೋಟಕ್ಕೆ ಕಲಸುವುದು. ಮಗುವಿಗೆ ಉಪ್ಪು ಹೆಚ್ಚಾಗಿ ಅಪಾಯ. ಎರಡನೆಯದು, ಭೇದಿ ನಿಂತಿತೆಂದು ಮೂರನೇ ದಿನಕ್ಕೇ ಜಿಂಕ್ ಮಾತ್ರೆ ಬಿಡುವುದು. ಆರು ತಿಂಗಳು ದಾಟಿದ ಮಗುವಿಗೆ ದಿನಕ್ಕೆ 20 ಮಿಲಿಗ್ರಾಂ, 10ರಿಂದ 14 ದಿನ ಕೊಡಬೇಕು.

ಹಲ್ಲು, ಮೂಳೆ ಕೆಡಿಸುವ ಫ್ಲೋರೈಡ್ ಮಾತ್ರ ಈ ಯಾವ ಜಾಲಕ್ಕೂ ಸಿಗುವುದಿಲ್ಲ. ತಿಳಿಯಾದ, ಕ್ಲೋರಿನ್ ಸರಿಯಿರುವ ನೀರಿನಲ್ಲೂ ಅದು ವಿಶ್ವ ಆರೋಗ್ಯ ಸಂಸ್ಥೆಯ ಲೀಟರಿಗೆ 1.5 ಮಿಲಿಗ್ರಾಂ ಮಿತಿ ಮೀರಿರಬಹುದು. ಕುದಿಸಿದರೆ ನೀರು ಆವಿಯಾಗಿ ಸಾಂದ್ರತೆ ಇನ್ನೂ ಏರುತ್ತದೆ. ಅದಕ್ಕೆ ಪ್ರತ್ಯೇಕ ಪರೀಕ್ಷೆಯೇ ಆಗಬೇಕು.

ಖಜಾಂಚಿಯ ಕೆಲಸ ಹೇಳಲು ಚಿಕ್ಕದು: ಪಂಪು ಕೆಡುವ ಮೊದಲೇ ದುಡ್ಡು ಸೇರಿಸುವುದು, ಒಂದು ಜೊತೆ ವಾಷರು ತಂದಿಡುವುದು. ಯಾವ ಕೆಲಸವನ್ನೂ ಒಬ್ಬರಿಗೆ ಮಾತ್ರ ಕಲಿಸಬೇಡಿ. ಸ್ಪ್ಯಾನರ್ ಪೆಟ್ಟಿಗೆಯ ಬೀಗದ ಕೈ ಎರಡಿರಲಿ, ಎರಡು ಬೇರೆ ಬೇರೆ ಮನೆಗಳಲ್ಲಿರಲಿ.