ಸ್ಕ್ರಬ್ಬರ್ ಗೋಡೆಗೆ ಜಿಪ್ಸಮ್ ಕಟ್ಟದಂತೆ ತಡೆಯೋದು ಹೇಗೆ?

[ದೃಶ್ಯ: ಬಿಳಿ ಪದರ ಕಟ್ಟಿದ ಗೀಸರ್ ಕಾಯಿಲ್]

ನಮಸ್ಕಾರ. ಕೋಲಾರದವರಿಗೆ ಇದೇನು ಅಂತ ಹೇಳಬೇಕಿಲ್ಲ, ಬೋರ್‌ವೆಲ್ ನೀರು ಕಟ್ಟಿಸಿದ ಉಪ್ಪು. ಇದರ ಮೇಲೆ ಸ್ವಲ್ಪ ವಿನೆಗರ್ ಬಿಡ್ತೀನಿ ನೋಡಿ, ಗುಳ್ಳೆ ಬಂತಲ್ವಾ? ಇದರಲ್ಲಿ ಜಾಸ್ತಿ ಇರುವುದು ಕ್ಯಾಲ್ಸಿಯಂ ಕಾರ್ಬೊನೇಟ್, ಹುಳಿಗೆ ಕರಗುತ್ತದೆ. ಕಲ್ಲಿದ್ದಲು ವಿದ್ಯುತ್ ಸ್ಥಾವರದ ಹೊಗೆ ತೊಳೆಯುವ ಸ್ಕ್ರಬ್ಬರ್‌ನಲ್ಲಿ ಕಟ್ಟುವ ಜಿಪ್ಸಮ್ ಹಾಗಲ್ಲ, ಆಸಿಡ್‌ಗೂ ಸುಲಭಕ್ಕೆ ಜಗ್ಗುವುದಿಲ್ಲ. ಘಟಕ ನಿಲ್ಲಿಸಿ, ಜನ ಒಳಗಿಳಿದು ಒಡೆದು ತೆಗೆಯಬೇಕು. ಇಲ್ಲಿ ಡಿಪ್ಲೊಮಾ ಮುಗಿಸಿ ರಾಯಚೂರು, ಬಳ್ಳಾರಿ ಕಡೆ ಕೆಲಸಕ್ಕೆ ಹೋಗುವವರು ಇದನ್ನು ಖಂಡಿತ ತಿಳಿದಿರಬೇಕು.

ಹೊಗೆಯಲ್ಲಿರುವ ಸಲ್ಫರ್ ಡೈಆಕ್ಸೈಡ್‌ಗೆ ಸುಣ್ಣದಕಲ್ಲಿನ ಪುಡಿ ಕಲಸಿದ ನೀರು, ಅಂದರೆ ಸ್ಲರಿ, ಸಿಂಪಡಿಸುತ್ತಾರೆ. ಮೊದಲು ಕ್ಯಾಲ್ಸಿಯಂ ಸಲ್ಫೈಟ್ ಆಗುತ್ತದೆ, ಅದಕ್ಕೆ ಆಮ್ಲಜನಕ ಸೇರಿದರೆ ಕ್ಯಾಲ್ಸಿಯಂ ಸಲ್ಫೇಟ್, ಅಂದರೆ ಜಿಪ್ಸಮ್. ನೀರು ಹಿಡಿದಿಟ್ಟುಕೊಳ್ಳುವುದಕ್ಕಿಂತ ಜಾಸ್ತಿಯಾದದ್ದು ಎಲ್ಲೋ ಒಂದು ಕಡೆ ಹರಳಾಗಲೇಬೇಕು. ಎಲ್ಲಿ ಅನ್ನೋದೇ ಪ್ರಶ್ನೆ. ಕರಗಿರುವ ಜಿಪ್ಸಮ್ ಆ ಮಿತಿಯ ಸುಮಾರು 1.3 ಪಟ್ಟು ದಾಟಿದರೆ ಗೋಡೆ, ನಾಝಲ್, ಹೊಗೆಯ ಜೊತೆ ಹೋಗುವ ನೀರಹನಿ ತಡೆಯುವ ಮಿಸ್ಟ್ ಎಲಿಮಿನೇಟರ್ ಎಲ್ಲದಕ್ಕೂ ಹತ್ತಿಕೊಳ್ಳುತ್ತದೆ. ಅದರೊಳಗಿದ್ದರೆ ನೀರಲ್ಲೇ ತೇಲುವ ಹಳೆಯ ಹರಳುಗಳ ಮೇಲೆ ಬೆಳೆಯುತ್ತದೆ. ಹಾಗಾಗಿ ಟ್ಯಾಂಕಿಗೆ ಗಾಳಿ ಊದಿ ಜಿಪ್ಸಮ್ ತೆಗೆಯುವ ಕಡೆ, ಸ್ಲರಿಯಲ್ಲಿ ಬೀಜದ ಹರಳು ಸಾಕಷ್ಟು ಇರಲಿ. ನನ್ನ ಪ್ರಕಾರ ಯಾವ ಕೆಮಿಕಲ್‌ಗಿಂತಲೂ ಮೊದಲು ನೋಡಬೇಕಾದ್ದು ಇದನ್ನೇ.

[ದೃಶ್ಯ: ಸಲ್ಫೈಟ್, ಆಮ್ಲಜನಕದ ಚಿತ್ರ]

ಇನ್ನೊಂದು ದಾರಿ ನನಗೆ ತುಂಬಾ ಇಷ್ಟ: ಜಿಪ್ಸಮ್ ಆಗಲಿಕ್ಕೇ ಬಿಡದಿರುವುದು. ಸಲ್ಫೈಟ್ ಆಮ್ಲಜನಕದ ಜೊತೆ ಸೇರುವುದು ಸರಪಳಿ ಕ್ರಿಯೆ, ಸೋಡಿಯಂ ಥಯೋಸಲ್ಫೇಟ್ ಆ ಸರಪಳಿಯನ್ನು ಕಡಿಯುತ್ತದೆ. ಗಂಧಕದ ಪುಡಿ ಹಾಕಿದರೂ ಆದೀತು, ಅದು ಸಲ್ಫೈಟ್ ಜೊತೆ ಸೇರಿ ಟ್ಯಾಂಕಿನಲ್ಲೇ ಥಯೋಸಲ್ಫೇಟ್ ಆಗುತ್ತದೆ. ಸಲ್ಫೇಟ್ ಆಗುವ ಪಾಲು ಸುಮಾರು 15 ಶೇಕಡಾದ ಕೆಳಗಿದ್ದರೆ, ಆದ ಸಲ್ಫೇಟ್ ಎಲ್ಲ ಸಲ್ಫೈಟ್ ಹರಳಿನೊಳಗೇ ಸೇರಿಹೋಗುತ್ತದೆ, ನೀರು ಜಿಪ್ಸಮ್ ಮಿತಿಯನ್ನು ಮುಟ್ಟುವುದೇ ಇಲ್ಲ. ಆದರೆ ಸಿಮೆಂಟ್ ಕಾರ್ಖಾನೆಗೆ ಮಾರಲು ಜಿಪ್ಸಮ್ ಸಿಗುವುದಿಲ್ಲ, ಉಳಿಯುವುದು ಬರೀ ಕೆಸರು.

ಮೂರನೆಯದು ಫಾಸ್ಫೊನೇಟ್, ಪಾಲಿಅಕ್ರಿಲೇಟ್ ಅನ್ನೋ ಕೆಮಿಕಲ್‌ಗಳು. ಲೀಟರಿಗೆ ಕೆಲವೇ ಮಿಲಿಗ್ರಾಂ ಸಾಕು, ಹರಳು ಬೆಳೆಯುವ ಜಾಗಕ್ಕೇ ಅಂಟಿಕೊಂಡು ಬೆಳವಣಿಗೆ ತಡೆಯುತ್ತವೆ. ಮಿಸ್ಟ್ ಎಲಿಮಿನೇಟರ್ ತೊಳೆಯುವ ನೀರಿಗೆ ಇವು ಒಳ್ಳೆಯದು. ಹೆಚ್ಚು ಸುರಿದರೆ ಜಿಪ್ಸಮ್ ಹರಳಿನ ಆಕಾರವೇ ಬದಲಾಗಿ, ನೀರು ಸೋಸುವುದು ಕಷ್ಟವಾಗುತ್ತದೆ.

ಪಿಎಚ್ ಮೇಲೂ ಕಣ್ಣಿಡಿ. ಸಾಮಾನ್ಯವಾಗಿ ಅದು 5ರಿಂದ 6ರ ನಡುವೆ ಇರಬೇಕು. ಅದಕ್ಕಿಂತ ಏರಿದರೆ ಸಲ್ಫೈಟ್ ಹರಳೇ ಗೋಡೆಗೆ ಕಟ್ಟಲು ಶುರುವಾಗುತ್ತದೆ, ಆಗ ಸುಮ್ನೆ ಈ ಕೆಮಿಕಲ್ ಡೋಸ್ ಜಾಸ್ತಿ ಮಾಡಿ ಪ್ರಯೋಜನವಿಲ್ಲ, ಮೊದಲು ಸುಣ್ಣದಕಲ್ಲು ಹಾಕುವುದನ್ನು ಕಡಿಮೆ ಮಾಡಿ.