ವಸಡಲ್ಲಿ ರಕ್ತ ಬಂತು ಅಂತ ಆ ಜಾಗ ಬಿಟ್ಟು ಉಜ್ಜಬೇಡಿ

ನಮಸ್ಕಾರ, ಎಲ್ಲರೂ ಹೇಗಿದ್ದೀರಾ? ಇವತ್ತು ಅಮ್ಮನ್ನ ಹಲ್ಲಿನ ಡಾಕ್ಟರ್ ಹತ್ರ ಕರ್ಕೊಂಡು ಹೊರಟಿದ್ದೀನಿ. ಸುಮಾರು ದಿನದಿಂದ ಎಡಗಡೆ ವಸಡು ನೋವು. ರೊಟ್ಟಿ, ಚಕ್ಕುಲಿ ಎಲ್ಲ ಬಿಟ್ಟು ಬರೀ ಮೊಸರನ್ನ ತಿಂತಿದ್ದಾರೆ. ರಕ್ತ ಬರುತ್ತೆ ಅನ್ನೋ ಭಯಕ್ಕೆ ಆ ಕಡೆ ಬ್ರಷ್ ಆಡಿಸೋದನ್ನೇ ನಿಲ್ಲಿಸಿದ್ರು. ತುಂಬಾ ಮನೆಗಳಲ್ಲಿ ಹೀಗೇ ಮಾಡ್ತಾರೆ, ನೋವು ಹೆಚ್ಚಾಗೋದೂ ಅದರಿಂದಲೇ.

ವಸಡು ನೋವಿಗೆ ಅತಿ ಸಾಮಾನ್ಯ ಕಾರಣ ಹಲ್ಲು–ವಸಡು ಸೇರೋ ಅಂಚಲ್ಲಿ ಕೂರೋ ಕೊಳೆ. ಮೆತ್ತಗಿದ್ದಾಗ ಬ್ರಷ್‌ಗೇ ಹೋಗುತ್ತೆ. ಕೆಲವು ದಿನ ಬಿಟ್ಟರೆ ಕಲ್ಲಿನ ಹಾಗೆ ಗಟ್ಟಿಯಾಗುತ್ತೆ, ಆಮೇಲೆ ಎಷ್ಟು ತಿಕ್ಕಿದ್ರೂ ಬರಲ್ಲ. ಅಲ್ಲಿನ ಬ್ಯಾಕ್ಟೀರಿಯಾದಿಂದ ವಸಡು ಕೆಂಪಾಗಿ ಊದುತ್ತೆ, ಮುಟ್ಟಿದ್ರೆ ರಕ್ತ. ಈ ಹಂತದಲ್ಲೇ ಕ್ಲೀನ್ ಆದ್ರೆ ಒಂದೆರಡು ವಾರದಲ್ಲಿ ವಾಸಿ. ನಿರ್ಲಕ್ಷ್ಯ ಮಾಡಿದ್ರೆ ಹಲ್ಲು ಹಿಡ್ಕೊಂಡಿರೋ ಮೂಳೆ ಕರಗೋಕೆ ಶುರುವಾಗಬಹುದು. ಕರಗಿದ ಮೂಳೆ ತಾನಾಗಿ ಬೆಳೆಯಲ್ಲ.

ಅಮ್ಮನಿಗೆ ಶುಗರ್ ಇದೆ. ಹಾಗಾಗಿ ನನಗೆ ಇನ್ನೂ ಆತಂಕ. ಶುಗರ್ ಜಾಸ್ತಿ ಇದ್ರೆ ವಸಡಿನ ಸೋಂಕು ಬೇಗ ಬಲಿಯುತ್ತೆ, ಆ ಸೋಂಕು ಇರೋವರೆಗೂ ಶುಗರ್ ಹತೋಟಿಗೆ ಬರೋದೂ ಕಷ್ಟ. ಮನೇಲಿ ಶುಗರ್ ಇರೋರು ಯಾರಾದ್ರೂ ಇದ್ರೆ, ಕಾಲು, ಕಣ್ಣು ತೋರಿಸೋ ಹಾಗೆ ಬಾಯನ್ನೂ ತೋರಿಸಿ, ದಯವಿಟ್ಟು.

ಬೇರೆ ಕಾರಣಗಳೂ ಇವೆ. ಗರ್ಭಿಣಿಯರಿಗೆ ಹಾರ್ಮೋನ್‌ನಿಂದ ವಸಡು ಊದುತ್ತೆ. ಕೆಲವು ಬಿಪಿ ಮಾತ್ರೆ, ಫಿಟ್ಸ್ ಮಾತ್ರೆಯಿಂದ ವಸಡು ದಪ್ಪ ಆಗಬಹುದು. ಮಾತ್ರೆ ನೀವಾಗಿ ನಿಲ್ಲಿಸಬೇಡಿ, ಡಾಕ್ಟರ್‌ಗೆ ಹೇಳಿ. ಅರ್ಧ ಹುಟ್ಟಿದ ಬುದ್ಧಿ ಹಲ್ಲು, ಸರಿಯಾಗಿ ಕೂರದ ಹಲ್ಲುಸೆಟ್ಟು, ಗಟ್ಟಿ ಬ್ರಷ್ ಕೂಡ ಕಾರಣ.

ಈಗ ತೋರಿಸ್ಕೊಂಡು ಬಂದ್ವಿ, ಡಾಕ್ಟರ್ ನೋಡಿ ಕ್ಲೀನಿಂಗ್ ಮಾಡಿದ್ರು. ಕ್ಲೀನ್ ಮಾಡಿಸಿದ್ರೆ ಹಲ್ಲು ಸಡಿಲ ಆಗುತ್ತೆ ಅಂತ ದೊಡ್ಡಮ್ಮ ಫೋನಲ್ಲಿ ಹೆದರಿಸಿದ್ರು. ಅದು ನಿಜ ಅಲ್ಲ. ಸಂದಿಯಲ್ಲಿದ್ದ ಕಲ್ಲು ಹೋದಾಗ ಖಾಲಿ ಖಾಲಿ ಅನಿಸುತ್ತೆ, ಕೆಲವು ದಿನ ಜುಮ್ ಅನ್ನುತ್ತೆ, ಅಷ್ಟೇ. ಹಲ್ಲು ಸಡಿಲ ಮಾಡೋದು ಆ ಕಲ್ಲು, ಕ್ಲೀನಿಂಗ್ ಅಲ್ಲ.

ಮನೇಲಿ ಏನು ಮಾಡ್ಬೇಕು? ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು, ದಿನಕ್ಕೆ ಎರಡು ಮೂರು ಸಲ ಮುಕ್ಕಳಿಸಿ. ನೋವು ತಗ್ಗುತ್ತೆ, ಆದ್ರೆ ಕಲ್ಲು ಕರಗಲ್ಲ. ಸಾಫ್ಟ್ ಬ್ರಷ್ ತಗೊಂಡು ವಸಡಿನ ಅಂಚಿಗೆ ಓರೆಯಾಗಿಟ್ಟು, ಬೆಳಿಗ್ಗೆ ರಾತ್ರಿ ಎರಡೆರಡು ನಿಮಿಷ, ಒತ್ತದೆ ಉಜ್ಜಿ. ರಕ್ತ ಬರೋ ಕಡೆಯೂ. ಲವಂಗದ ಎಣ್ಣೆ ನೇರವಾಗಿ ಹಚ್ಚಿದ್ರೆ ವಸಡು ಸುಡುತ್ತೆ. ಕ್ಲೋರ್‌ಹೆಕ್ಸಿಡಿನ್ ಅನ್ನೋ ಬ್ಯಾಕ್ಟೀರಿಯಾ ಕೊಲ್ಲೋ ಔಷಧ ಇರೋ ಮೌತ್‌ವಾಶನ್ನ ಡಾಕ್ಟರ್ ಹೇಳಿದಷ್ಟು ದಿನ ಮಾತ್ರ ಬಳಸಿ, ಜಾಸ್ತಿ ದಿನ ಬಳಸಿದ್ರೆ ಹಲ್ಲು ಕಂದು ಬಣ್ಣಕ್ಕೆ ತಿರುಗುತ್ತೆ.

ಕೀವು, ಜ್ವರ, ಮುಖ ಊತ, ಬಾಯಿ ತೆರೆಯೋಕೆ ಆಗ್ತಿಲ್ಲ ಅಂದ್ರೆ ಅವತ್ತೇ ಹೋಗಿ. ಎಲೆಅಡಿಕೆ ಜೊತೆ ಹೊಗೆಸೊಪ್ಪು ಹಾಕೋರು, ಗುಟ್ಕಾ ತಿನ್ನೋರು ಇನ್ನೂ ಎಚ್ಚರ: ಎರಡು ವಾರ ಆದ್ರೂ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ ಕಂಡರೆ, ನೋವಿಲ್ಲದಿದ್ರೂ ಪರೀಕ್ಷೆ ಮಾಡಿಸಿ. ಖರ್ಚಿನ ಚಿಂತೆ ಇದ್ರೆ ಎಷ್ಟೋ ತಾಲೂಕು ಆಸ್ಪತ್ರೆಗಳಲ್ಲಿ ಹಲ್ಲಿನ ಡಾಕ್ಟರ್ ಇದ್ದಾರೆ. ಬೆಂಗಳೂರಲ್ಲಾದ್ರೆ ವಿಕ್ಟೋರಿಯಾ ಆಸ್ಪತ್ರೆ ಹತ್ರ ಸರ್ಕಾರಿ ದಂತ ಕಾಲೇಜು ಇದೆ.