ಘಾಟಿ ಏರುವ ಹಳೆಯ ಲಾರಿ ಮತ್ತು ಅದರ ವಾಸನೆ

ಕೇಳುಗರೆಲ್ಲರಿಗೂ ನಮಸ್ಕಾರ.

ಮಂಗಳೂರಿನಿಂದ ಹಾಸನದ ಕಡೆಗೆ ಸರಕು ತುಂಬಿಕೊಂಡು ಹೊರಟ ಹಳೆಯ ಡೀಸೆಲ್ ಲಾರಿಯೊಂದು ಗುಂಡ್ಯ ದಾಟಿ ಶಿರಾಡಿ ಘಾಟಿಯನ್ನು ಏರತೊಡಗಿದಾಗ ಅದರ ನಿಜವಾದ ಪರೀಕ್ಷೆ ಆರಂಭವಾಗುತ್ತದೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಸಕಲೇಶಪುರವನ್ನು ಮುಟ್ಟುವವರೆಗೆ ಚಾಲಕರ ಕಾಲು ಆಕ್ಸಿಲರೇಟರ್ ಬಿಟ್ಟು ಏಳುವುದೇ ಅಪರೂಪ. ಪಂಪು ಹೆಚ್ಚು ಡೀಸೆಲ್ ಕೊಡುತ್ತದೆ, ಎಂಜಿನ್ನಿನ ಹೊಗೆಯನ್ನು ಹೊರಗೊಯ್ಯುವ ಮ್ಯಾನಿಫೋಲ್ಡ್ ಎಂಬ ಕೊಳವೆ ಕೆಂಡದಂತೆ ಕಾಯುತ್ತದೆ, ಲಾರಿ ಕೆಳಗಿನ ಗೇರಿನಲ್ಲಿ ತೆವಳುವುದರಿಂದ ರೇಡಿಯೇಟರಿಗೆ ಎದುರುಗಾಳಿಯೂ ಸಿಗುವುದಿಲ್ಲ. ಗ್ಯಾರೇಜಿನಲ್ಲಿ ಖಾಲಿ ನಿಂತಾಗ ಒಣಗಿರುವ ಜಾಯಿಂಟುಗಳು ಈ ಏರಿನಲ್ಲಿ ಜಿನುಗತೊಡಗುತ್ತವೆ. ಆದ್ದರಿಂದಲೇ ಘಾಟಿಯಲ್ಲಿ ಚಾಲಕರ ಮೂಗಿಗೆ ಬಡಿದ ವಾಸನೆ, ಲಾರಿ ಮೆಕ್ಯಾನಿಕ್‌ಗಳಾದ ನಮ್ಮ ಬಳಿಗೆ ಬರುವ ಹೊತ್ತಿಗೆ ಮಾಯವಾಗಿರುತ್ತದೆ.

ಇಷ್ಟು ವರ್ಷ ಈ ಕೆಲಸದಲ್ಲಿದ್ದು ನಾನು ಕಲಿತ ರೂಢಿಯೆಂದರೆ, ವಾಸನೆ ಹೇಗಿತ್ತು ಎಂದು ಕೇಳುವುದಕ್ಕೆ ಮೊದಲು ಅದು ಯಾವಾಗ ಬಂತು ಎಂದು ಕೇಳುವುದು. ಏರಿನಲ್ಲಿ ಬಂತೇ, ಇಳಿಜಾರಿನಲ್ಲಿ ಬಂತೇ? ಆಕ್ಸಿಲರೇಟರ್ ಒತ್ತಿದಾಗಲೇ, ಬಿಟ್ಟಾಗಲೇ? ವಾಸನೆಯ ವರ್ಣನೆ ಒಬ್ಬೊಬ್ಬರದು ಒಂದೊಂದು ರೀತಿ ಇರುತ್ತದೆ, ಸಮಯವನ್ನು ಮಾತ್ರ ಚಾಲಕರು ಸಾಮಾನ್ಯವಾಗಿ ಸರಿಯಾಗಿಯೇ ಹೇಳುತ್ತಾರೆ.

ಕ್ಲಚ್ಚು ಮತ್ತು ಬ್ರೇಕನ್ನೇ ತೆಗೆದುಕೊಳ್ಳಿ. ಎರಡೂ ಕಾದಾಗ ಬರುವ ಕಮಟು ವಾಸನೆ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ. ಏರಿನಲ್ಲಿ ವಾಹನಗಳ ಸಾಲು ನಿಂತು, ಹಾಫ್ ಕ್ಲಚ್ಚಿನಲ್ಲಿ ಲಾರಿಯನ್ನು ಹಿಡಿದುಕೊಂಡು ಇಂಚಿಂಚಾಗಿ ಮುಂದೆ ಸಾಗಿದಾಗ ಬಂದರೆ ಅದು ಕ್ಲಚ್ ಪ್ಲೇಟಿನದು. ಟಾಪ್ ಗೇರಿನಲ್ಲಿ ಪೂರ್ತಿ ಆಕ್ಸಿಲರೇಟರ್ ಕೊಟ್ಟಾಗ ಎಂಜಿನ್ನಿನ ಸದ್ದು ಏರಿಯೂ ಲಾರಿಯ ವೇಗ ಏರದಿದ್ದರೆ ಪ್ಲೇಟು ಜಾರುತ್ತಿದೆ ಎಂದರ್ಥ, ಮೊದಲು ಕ್ಲಚ್ ಪೆಡಲಿನ ಪ್ಲೇ, ಅಂದರೆ ಅದರ ಸಡಿಲ, ನೋಡಬೇಕು. ಇಳಿಜಾರಿನ ಕೊನೆಯಲ್ಲಿ ಬಂದರೆ ಚಕ್ರದ ಡ್ರಮ್ಮಿಗೆ ಉಜ್ಜುವ ಬ್ರೇಕಿನ ಲೈನರ್ ಕಾದಿದೆ. ಏರಿನಲ್ಲಿ ಬ್ರೇಕನ್ನು ಮುಟ್ಟದೆಯೇ ಒಂದು ಚಕ್ರದ ಬಳಿ ಮಾತ್ರ ಅದೇ ವಾಸನೆ ಬಂದರೆ ಆ ಚಕ್ರದ ಬ್ರೇಕು ಬಿಡದೆ ಹಿಡಿದುಕೊಂಡಿರುತ್ತದೆ. ಲಾರಿ ನಿಲ್ಲಿಸಿ ಒಂದೊಂದು ಡ್ರಮ್ಮಿನ ಹತ್ತಿರಕ್ಕೂ, ಅದನ್ನು ಮುಟ್ಟದೆ, ಅಂಗೈಯ ಹಿಂಬದಿಯನ್ನು ಒಯ್ದರೆ ಕಾವಿನ ವ್ಯತ್ಯಾಸ ತಾನಾಗಿಯೇ ತಿಳಿಯುತ್ತದೆ.

ಇನ್ನು ಸುಟ್ಟ ಎಣ್ಣೆಯ ವಾಸನೆ. ಒಮ್ಮೆ ಗೊಬ್ಬರದ ಮೂಟೆ ಹೊರುವ ಲಾರಿಯ ಚಾಲಕರೊಬ್ಬರು ಬಂದು, "ಮೇಸ್ತ್ರಿ, ಕೆಂಪುಹೊಳೆ ದಾಟಿದ ಮೇಲೆ ಎಣ್ಣೆ ಸುಟ್ಟ ವಾಸನೆ ತಡೆಯಲಾಗುವುದಿಲ್ಲ, ದೋಣಿಗಲ್ ಬಿಟ್ಟು ಮುಂದೆ ಬಂದರೆ ಏನೂ ಇರುವುದಿಲ್ಲ" ಎಂದರು. ಎರಡು ಕಡೆ ತೋರಿಸಿ, ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಟರ್ಬೊ ಬದಲಾಯಿಸಬೇಕೆಂದು ಕೇಳಿಸಿಕೊಂಡು ಬಂದಿದ್ದರು. ಏರು ಮುಗಿದ ಕೂಡಲೇ ವಾಸನೆಯೂ ಮುಗಿಯುತ್ತದೆ ಎಂಬ ಅವರ ಮಾತಿನಲ್ಲೇ ಉತ್ತರ ಇರಬಹುದೆಂದು ನನಗೆ ಅನ್ನಿಸಿತು. ಎಂಜಿನ್ನನ್ನು ಡೀಸೆಲ್ಲಿನಿಂದ ಒರೆಸಿ ಒಣಗಿಸಿ, ಅದರ ತಲೆಯ ಮೇಲಿನ ಮುಚ್ಚಳವಾದ ಟ್ಯಾಪೆಟ್ ಕವರಿನ ಸುತ್ತ ಮುಖಕ್ಕೆ ಹಚ್ಚುವ ಪೌಡರನ್ನು ತೆಳುವಾಗಿ ಉದುರಿಸಿ, ಲೋಡು ಇರುವಾಗಲೇ ಅವರೊಂದಿಗೆ ಘಾಟಿ ಏರಿದೆ. ವಾಸನೆ ಬಂದ ಕಡೆ ಲಾರಿಯನ್ನು ಬದಿಗೆ ನಿಲ್ಲಿಸಿ ಟಾರ್ಚ್ ಬಿಟ್ಟು ನೋಡಿದಾಗ, ಬಿಳಿಯ ಪೌಡರಿನ ನಡುವೆ ಹುಲ್ಲುಕಡ್ಡಿಯಷ್ಟು ಸಣ್ಣದೊಂದು ಕಪ್ಪು ಗೆರೆ ಕವರಿನ ಹಿಂದಿನ ಮೂಲೆಯಿಂದ ಹೊರಟು ನೇರವಾಗಿ ಮ್ಯಾನಿಫೋಲ್ಡಿನ ಮೇಲೆ ಇಳಿದಿತ್ತು. ಏರಿನಲ್ಲಿ ಲಾರಿಯ ಮೂತಿ ಮೇಲೆದ್ದು, ಎಣ್ಣೆಯೆಲ್ಲ ಹಿಂದಿನ ಅಂಚಿಗೆ ಬಂದು ನಿಲ್ಲುತ್ತದೆ. ಸಮತಟ್ಟಿನಲ್ಲಿ ಆ ಮೂಲೆಗೆ ಎಣ್ಣೆಯೇ ತಾಗುವುದಿಲ್ಲ. ಯಾರೋ ಸೋರಿಕೆ ನಿಲ್ಲಲೆಂದು ಬೋಲ್ಟನ್ನು ಅತಿಯಾಗಿ ಬಿಗಿದು, ತಗಡಿನ ಕವರು ಬಾಗಿ, ಸಂದಿಯನ್ನು ಮುಚ್ಚುವ ಕಾರ್ಕ್ ಪ್ಯಾಕಿಂಗ್ ಅಲ್ಲಿ ಸೀಳಿತ್ತು. ಕವರಿನ ಅಂಚನ್ನು ಸಮ ಮಾಡಿ ಹೊಸ ಪ್ಯಾಕಿಂಗ್ ಹಾಕಿದ್ದೇ ಸಾಕಾಯಿತು. ಟರ್ಬೊ ಚೆನ್ನಾಗಿಯೇ ಇತ್ತು.

ಹಸಿ ಡೀಸೆಲ್ಲಿನ ವಾಸನೆಯ ಬಗ್ಗೆ ಮಾತ್ರ ಮನೆಗೆ ಹೋಗಿ ನೋಡೋಣ ಎಂಬ ಮಾತು ಬೇಡ. ಪಂಪಿನಿಂದ, ಎಂಜಿನ್ನಿನೊಳಗೆ ಡೀಸೆಲ್ ಸಿಂಪಡಿಸುವ ನಾಜಲ್ಲಿಗೆ ಹೋಗುವ ಪೈಪಿನಲ್ಲಿ ಕೂದಲೆಳೆಯ ಬಿರುಕಿದ್ದರೆ ಲೋಡು ಬಿದ್ದಾಗ ಡೀಸೆಲ್ ಮಂಜಿನಂತೆ ಚಿಮ್ಮಿ, ಕಾದ ಮ್ಯಾನಿಫೋಲ್ಡಿನ ಮೇಲೆ ಬಿದ್ದು ಬೆಂಕಿ ಹಿಡಿಯಬಹುದು. ಎಂಜಿನ್ ಓಡುತ್ತಿರುವಾಗ ಆ ಬಿರುಕನ್ನು ಬೆರಳಿನಿಂದ ತಡಕಲೇಬಾರದು, ಏಕೆಂದರೆ ಅಷ್ಟು ಒತ್ತಡದ ಡೀಸೆಲ್ ಚರ್ಮವನ್ನು ತೂರಿ ಒಳಗೆ ಹೋಗುತ್ತದೆ. ರಟ್ಟಿನ ತುಂಡೊಂದನ್ನು ಹಿಡಿದರೆ ಅದರ ಮೇಲೆ ಒದ್ದೆಯ ಗುರುತು ಬೀಳುತ್ತದೆ.

ಬೆಲ್ಲದ ಪಾಕವನ್ನು ನೆನಪಿಸುವ ಸಿಹಿ ವಾಸನೆ ಎಂಜಿನ್ನನ್ನು ತಂಪಾಗಿಡುವ ದ್ರವವಾದ ಕೂಲೆಂಟಿನದು. ಆದರೆ ನಮ್ಮಲ್ಲಿ ಅನೇಕ ಹಳೆಯ ಲಾರಿಗಳ ರೇಡಿಯೇಟರಿನಲ್ಲಿ ಇರುವುದು ಬರೀ ನೀರು, ಆದುದರಿಂದ ಸಿಹಿ ವಾಸನೆ ಬರಲಿಲ್ಲವೆಂದು ನಿಶ್ಚಿಂತರಾಗುವಂತಿಲ್ಲ. ಅಲ್ಲಿ ತುಕ್ಕಿನ ವಾಸನೆಯ ಹಬೆ ಬರುತ್ತದೆ. ಹೊರಗೆ ಒಂದು ಹನಿಯೂ ಬೀಳದೆ ನೀರು ಕಡಿಮೆಯಾಗುತ್ತಾ ಹೋದರೆ ಎಂಜಿನ್ನಿನ ಬ್ಲಾಕಿಗೂ ಹೆಡ್ಡಿಗೂ ನಡುವಿನ ಪ್ಯಾಕಿಂಗ್ ಆದ ಹೆಡ್ ಗ್ಯಾಸ್ಕೆಟ್ಟನ್ನು ಸಂಶಯಿಸಬೇಕು. ರೇಡಿಯೇಟರಿನ ಕ್ಯಾಪನ್ನು ಬಿಸಿಯಿರುವಾಗ ತೆಗೆಯಬೇಡಿ.

ಕೊಳೆತ ಮೊಟ್ಟೆಯ ವಾಸನೆಗೆ ಮೊದಲೆಲ್ಲ ಡೀಸೆಲ್ಲಿನ ಗಂಧಕವನ್ನು ದೂರುತ್ತಿದ್ದರು. 2020ರ ಏಪ್ರಿಲ್‌ನಿಂದ ದೇಶದಾದ್ಯಂತ ಬಿಎಸ್-6 ಎಂಬ ಮಾಲಿನ್ಯ ಮಾನದಂಡದ ಡೀಸೆಲ್ ಸಿಗುತ್ತಿದ್ದು, ಅದರಲ್ಲಿ ಗಂಧಕ ಹತ್ತು ಲಕ್ಷದಲ್ಲಿ 10 ಭಾಗವನ್ನು ಮೀರುವಂತಿಲ್ಲ. ಈಗ ಆ ವಾಸನೆ ಬಂದರೆ ಬ್ಯಾಟರಿ ನೋಡಿ. ಚಾರ್ಜಿಂಗನ್ನು ಹದದಲ್ಲಿಡುವ ರೆಗ್ಯುಲೇಟರ್ ಕೆಟ್ಟು, 24 ವೋಲ್ಟಿನ ಲಾರಿಯಲ್ಲಿ ಚಾರ್ಜಿಂಗ್ 30 ವೋಲ್ಟ್ ಮುಟ್ಟುತ್ತಿದ್ದರೆ ಆಸಿಡ್ ಕುದಿಯುತ್ತಿರುತ್ತದೆ. ಅದರ ಬಳಿ ಬೀಡಿ ಹಚ್ಚುವುದು ಬೇಡ.

ಕ್ಯಾಬಿನ್ನಿನೊಳಗೆ ಹೊಗೆಯ ವಾಸನೆ ಬರುವುದನ್ನು ಎಷ್ಟೋ ಚಾಲಕರು ಹಳೆಯ ಗಾಡಿಯ ಸ್ವಭಾವವೆಂದು ಸಹಿಸಿಕೊಳ್ಳುತ್ತಾರೆ. ಮ್ಯಾನಿಫೋಲ್ಡಿನ ಪ್ಯಾಕಿಂಗ್ ಹೋಗಿದ್ದರೆ ಏರಿನಲ್ಲಿ ಆಕ್ಸಿಲರೇಟರ್ ಒತ್ತಿದಾಗಲೆಲ್ಲ ಟಪಟಪ ಸದ್ದಿನೊಂದಿಗೆ ಹೊಗೆ ನುಗ್ಗಿ, ಎಂಜಿನ್ ಬಾನೆಟ್ಟಿನ ಸಂದಿಯಿಂದ ಒಳಗೆ ಬರುತ್ತದೆ. ಹೊಗೆಗೆ ವಾಸನೆಯಿದೆ, ಅದರಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ. ಮಳೆಗಾಲದ ರಾತ್ರಿ ಗಾಜುಗಳನ್ನೆಲ್ಲ ಏರಿಸಿಕೊಂಡು ಹೋಗುವಾಗ ಹಿಂದಿನ ಸೀಟಿನಲ್ಲಿ ಮಲಗಿರುವ ಕ್ಲೀನರ್ ಹುಡುಗ ತಲೆನೋವೆಂದೋ ವಾಕರಿಕೆಯೆಂದೋ ಹೇಳಿದರೆ ಅವನಿಗೆ ಮಾತ್ರೆ ಕೊಟ್ಟು ಮತ್ತೆ ಮಲಗಿಸಬೇಡಿ. ಲಾರಿಯನ್ನು ಅಗಲವಾದ ಜಾಗದಲ್ಲಿ ನಿಲ್ಲಿಸಿ, ಎಂಜಿನ್ ಆರಿಸಿ, ಮಳೆಯಿದ್ದರೂ ಸರಿ, ಅವನನ್ನು ಮೊದಲು ಕೆಳಗಿಳಿಸಿ.